ಹೋಟೆಲು ಕೋಣೆಯಲ್ಲೊಂದು ಪೀಶಕತ್ತಿ

ನನ್ನ ಬಳಿ ಒಂದು ಪೀಶಕತ್ತಿ ಇದೆ. ಗೇಣಿಗೂ ಕಡಿಮೆಯಾದ ಅಲಗು, ಹಲಸಿನ ಮರದ ಹಿಡಿ, ಹಿಂದೊಮ್ಮೆ ಆ ಹಿಡಿ ಬಿರುಕು ಬಿಟ್ಟಾಗ ಸುತ್ತಿದ ತಾಮ್ರದ ತಂತಿ. ಅದರ ವೈಭವ ಇಷ್ಟೇ. ಆದರೆ ಗೆಳೆಯರೇ, ಪುತ್ತೂರು ಸುಳ್ಯದ ಕಡೆಯ ಮದುವೆಗಳ ಹಿಂದಿನ ಸಂಜೆಗಳನ್ನು ಈ ಕತ್ತಿಯಷ್ಟು ಕಂಡವರು ವಿರಳ. ನಮ್ಮಲ್ಲಿ ಮದುವೆಗೆ ಹೋಗುವವರಲ್ಲಿ ಎರಡು ಬಗೆ. ಮದುವೆಯ ದಿನ ಇಸ್ತ್ರಿಯ ಅಂಗಿ ತೊಟ್ಟು ಬಂದು, ಉಂಡು, ಬೀಡ ಜಗಿಯುತ್ತ ಹಿಂತಿರುಗುವವರು ಒಂದು ಬಗೆ. ಹಿಂದಿನ ದಿನವೇ ಬಂದು, ಸಂಚಿಯಿಂದ ಸ್ವಂತ ಕತ್ತಿ ತೆಗೆದು, ಚಪ್ಪರದಡಿಯ ಚಾಪೆಯಲ್ಲಿ ಕೂತು ಸೌತೆ ಕುಂಬಳ ಬಾಳೆಕಾಯಿಗಳನ್ನು ಹೆಚ್ಚಿ ರಾಶಿ ಹಾಕಿ, ಅದೇ ಚಾಪೆಯಲ್ಲಿ ಮಲಗುವವರು ಇನ್ನೊಂದು ಬಗೆ. ಮೊದಲಿನವರು ಅತಿಥಿಗಳು, ಎರಡನೆಯವರು ಮನೆಯವರು. ಈ ಭೇದವನ್ನು ಯಾರೂ ಕರೆಯೋಲೆಯಲ್ಲಿ ಅಚ್ಚು ಹಾಕಿಸುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಪುತ್ತೂರಿನ ಮೋನಪ್ಪ ಮಾಸ್ತರರ ಮಗಳ ಮದುವೆ. ಮಾಸ್ತರರೂ ನಾನೂ ನೆಲ್ಯಾಡಿಯ ಒಂದೇ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಸೀಮೆಸುಣ್ಣದ ಪುಡಿ ಕುಡಿದವರು. ಅವರ ಮನೆಮಾತು ತುಳು, ನನ್ನದು ಅರೆಭಾಷೆ. ಶಾಲೆಯ ರೂಢಿಯಿಂದ ನಮ್ಮಿಬ್ಬರ ನಡುವೆ ಇಂದಿಗೂ ಕನ್ನಡವೇ. ಬ್ರಹ್ಮಚಾರಿಗಳಾಗಿ ಒಂದೇ ಬಾಡಿಗೆ ಕೋಣೆಯಲ್ಲಿದ್ದ ಕಾಲದಲ್ಲಿ, ರಬ್ಬರು ತೋಟದ ಜೋಸೆಫ್ ಚೇಟನ ಮಗಳ ಮದುವೆಯ ಹಿಂದಿನ ಸಂಜೆ ನಾವಿಬ್ಬರೂ ಪೈಪೋಟಿಯಲ್ಲಿ ಮರಗೆಣಸು ಸುಲಿದು ಅಂಗೈ ಬೊಬ್ಬೆ ಬರಿಸಿಕೊಂಡದ್ದುಂಟು. ಅಂಥವರ ಮಗಳ ಮದುವೆಗೆ ನನ್ನೂರು ಪಂಜದಿಂದ ಬೆಳಗಿನ ಬಸ್ಸು ಹತ್ತಿ ಊಟದ ಹೊತ್ತಿಗೆ ಮುಖ ತೋರಿಸುವುದು ನನ್ನಿಂದಾಗದು. ಕತ್ತಿಯನ್ನು ಮಸೆದು, ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ, ಸಂಚಿಗೆ ಹಾಕಿ, ಹಿಂದಿನ ಮಧ್ಯಾಹ್ನವೇ ಪುತ್ತೂರಿನಲ್ಲಿ ಇಳಿದೆ. ಇಳಿದು ಫೋನು ಮಾಡಿದರೆ ಮಾಸ್ತರರು ಹೇಳಿದ್ದು ಇದು: "ನಿಮಗೆ ಹೋಟೆಲಿನಲ್ಲಿ ರೂಮು ಮಾಡಿದ್ದೇನೆ ಮಾರಾಯ್ರೆ. ಎ.ಸಿ. ಉಂಟು. ಆರಾಮಲ್ಲಿ ಮಲಗಿ, ಸಂಜೆ ಮದುವೆ ಹಾಲಿಗೆ ಬನ್ನಿ."

ಅಷ್ಟು ವರ್ಷಗಳ ಗೆಳೆತನದಲ್ಲಿ ನಾನು ಮನೆಯವನೋ ಅತಿಥಿಯೋ ಎಂಬ ಪ್ರಶ್ನೆ ಎಂದೂ ಎದ್ದಿರಲಿಲ್ಲ. ಅಂದು ಎದ್ದಿತು, ಉತ್ತರವನ್ನೂ ತಾನೇ ಕೊಟ್ಟುಕೊಂಡಿತು. ಹೀಗೆ ಮುಖ ಊದಿಸಿಕೊಂಡೇ ನಾನು ಆ ಹೋಟೆಲಿನ ಗಾಜಿನ ಬಾಗಿಲನ್ನು ತಳ್ಳಿದೆ. ಅದು ಎಳೆಯಬೇಕಾದ ಬಾಗಿಲಾಗಿತ್ತು.

ಹೋಟೆಲುಗಳ ಬಗ್ಗೆ ನನ್ನದೊಂದು ಸಿದ್ಧಾಂತವಿದೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ತೀರಾ ದುಬಾರಿ ಹೋಟೆಲಿಗೆ ತನ್ನ ಸಿರಿಯ ಮೇಲೆ ಭರವಸೆಯಿರುತ್ತದೆ; ತೀರಾ ಅಗ್ಗದ ಲಾಡ್ಜಿಗೆ ತನ್ನ ಬಡತನದ ಬಗ್ಗೆ ಸಂಕೋಚವಿಲ್ಲ, ತಿಗಣೆ ಇದ್ದರೆ ಇದೆ ಎಂದೇ ಹೇಳುತ್ತದೆ. ಈ ನಡುದರದ ಹೋಟೆಲು ಮಾತ್ರ ಆಚೆಯದಕ್ಕೆ ಹಲ್ಲು ಕಿರಿಯುತ್ತ, ಈಚೆಯದಕ್ಕೆ ಮೂಗು ಮುರಿಯುತ್ತ, ತಾನು ಏನಲ್ಲವೋ ಅದನ್ನೇ ಇಪ್ಪತ್ತನಾಲ್ಕು ಗಂಟೆಯೂ ನಟಿಸುತ್ತದೆ. ಒಳಗೆ ಕಾಲಿಟ್ಟವನಿಗೆ ಬೆಲ್ಲ ನೀರು ಕೊಡುವುದು ನಮ್ಮ ಸೀಮೆಯ ಬಡವನ ಮನೆಯಲ್ಲೂ ಇರುವ ಮರ್ಯಾದೆ. ಇಲ್ಲಿ ಕೊಟ್ಟದ್ದು ಹೆಬ್ಬೆರಳಿನಷ್ಟು ಗಾಜಿನ ಲೋಟದಲ್ಲಿ ಕಿತ್ತಳೆ ಬಣ್ಣದ ಒಂದು ದ್ರವ. ಯಾವ ಹಣ್ಣೂ ಅದರ ತಂದೆತನವನ್ನು ಒಪ್ಪಿಕೊಳ್ಳಲಾರದು.

ಆಧಾರ್ ಕಾರ್ಡು ತೆಗೆಯಲು ಸಂಚಿಯೊಳಗೆ ಕೈ ಹಾಕಿದಾಗ ಬೈರಾಸು ಬಿಚ್ಚಿ ಕತ್ತಿ ಮೇಜಿನ ಮೇಲೆ ಬಿತ್ತು. ಕರಿಯ ಕೋಟು ತೊಟ್ಟ ಹುಡುಗಿ ಅಲ್ಲಿಯವರೆಗೆ ನನ್ನೊಡನೆ ಇಂಗ್ಲಿಷಿನಲ್ಲೇ ವ್ಯವಹರಿಸುತ್ತಿದ್ದಳು. ಕತ್ತಿ ಕಂಡದ್ದೇ ಊರಿನ ಕನ್ನಡಕ್ಕೆ ಇಳಿದಳು.

"ಇದು ಎಂತಕ್ಕೆ ಸರ್?"

"ತರಕಾರಿ ಹೆಚ್ಚಲಿಕ್ಕೆ."

ಅವಳು ಸ್ವಲ್ಪ ಯೋಚಿಸಿ, ನೊಂದುಕೊಳ್ಳಬಾರದು ಎಂಬ ಧ್ವನಿಯಲ್ಲಿ ಹೇಳಿದಳು: "ನಮ್ಮಲ್ಲಿ ರೆಸ್ಟೋರೆಂಟ್ ಉಂಟು ಸರ್."

ಕೋಣೆಯನ್ನು ವರ್ಣಿಸದೆ ಬಿಡಲಾರೆ. ಬಾಗಿಲ ಬಳಿಯ ಗೂಡಿಗೆ ಒಂದು ಕಾರ್ಡು ತುರುಕದ ಹೊರತು ದೀಪ ಉರಿಯದು. ಅಂದರೆ ನಾನು ಒಳಗಿದ್ದೇನೆ ಎಂಬುದನ್ನು ನನ್ನ ಕಣ್ಣು ಮೂಗು ಸಾಲದೆ ಒಂದು ಪ್ಲಾಸ್ಟಿಕ್ ತುಂಡು ಸಾಬೀತು ಮಾಡಬೇಕು. ಒಬ್ಬನಿಗೆ ಆರು ದಿಂಬು, ಉಳಿದ ಐದು ತಲೆಗಳು ಎಲ್ಲಿಂದ ಬರಬೇಕೋ ತಿಳಿಯದು. ಗೋಡೆಯಲ್ಲಿ ಹಿಮ ಮುಚ್ಚಿದ ಯಾವುದೋ ದೇಶದ ಬೆಟ್ಟದ ಚಿತ್ರ; ಕಿಟಕಿಯ ದಪ್ಪ ಪರದೆಯನ್ನು ಭಕ್ತಿಯಿಂದ ಸರಿಸಿದರೆ ಪಕ್ಕದ ಕಟ್ಟಡದ ಪೈಪು. ಮಂಚದ ಕಾಲಬುಡದಲ್ಲಿ ಬಿಳಿ ಹಾಸಿನ ಮೇಲೆ ಅಡ್ಡಲಾಗಿ ಒಂದು ಕೆಂಪು ಜರಿಪಟ್ಟಿ. ಅದು ಹೊದೆಯಲು ಸಾಲದು, ಹಾಸಲು ಆಗದು, ಒರಸಲು ಬಾರದು. ಅದು ಯಾತಕ್ಕೆಂದು ನಾನು ಬಹಳ ಹೊತ್ತು ಚಿಂತಿಸಿದೆ, ಹೊಳೆಯಲಿಲ್ಲ. ಸ್ನಾನದ ಕೋಣೆಯಲ್ಲಿ ಹಾಲಿನ ಬಣ್ಣದ ಎರಡು ಟವೆಲು, ಅವುಗಳ ಮೇಲ್ಗಡೆ ಒಂದು ಸೂಚನೆ: ಟವೆಲಿಗೆ ಕಲೆ ಮಾಡಿದರೆ ದಂಡ. ಮೈ ಒರಸಲೆಂದೇ ಹುಟ್ಟಿದ ಬಟ್ಟೆ ಮೈಯನ್ನು ಇಷ್ಟು ಅನುಮಾನಿಸಬೇಕೆ? ನಾನು ನನ್ನ ಬೈರಾಸಿನಲ್ಲೇ ಮುಖ ಒರಸಿಕೊಂಡೆ.

ಸಂಜೆ ಹಾಲಿಗೆ ಹೋದೆ, ಸಂಚಿ ಹೆಗಲಲ್ಲೇ ಇತ್ತು. ಅಭ್ಯಾಸಬಲದಿಂದ ಹಿತ್ತಿಲ ಕಡೆ ನಡೆದರೆ ಅಲ್ಲಿ ಚಾಪೆಯಿಲ್ಲ, ಜನವಿಲ್ಲ, ಹರಟೆಯಿಲ್ಲ. ಎಲ್ಲೋ ಯಂತ್ರದಲ್ಲಿ ಒಂದೇ ಅಳತೆಗೆ ಕತ್ತರಿಸಿದ ತರಕಾರಿ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಬಂದು ಕೂತಿತ್ತು. ಬಲೆಯಂಥ ಟೊಪ್ಪಿ ಹಾಕಿದ ಕೇಟರಿಂಗಿನವನೊಬ್ಬ ವಿನಯದಿಂದ ನನ್ನನ್ನು ತಿರುಗಿಸಿದ. "ಗೆಸ್ಟ್ ಎಲ್ಲ ಆ ಕಡೆ ಸರ್." ಮೋನಪ್ಪ ಮಾಸ್ತರರು ವೇದಿಕೆಯಲ್ಲಿ ಫೋಟೋದವರು ಹೇಳಿದ ದಿಕ್ಕಿಗೆ ನಗುತ್ತಿದ್ದರು. ಮದರಂಗಿ ಹಚ್ಚಿದ ಮಗಳು ಅಂಗೈ ಮುಚ್ಚಲಾಗದೆ ಕೂತಿದ್ದಳು. ಕೆಳಗಿಳಿದು ಬಂದ ಮಾಸ್ತರರು ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು: "ರೂಮು ಹೇಗುಂಟು? ಎ.ಸಿ. ತಂಪಾಗ್ತದಾ?" ಆಗ್ತದೆ ಎಂದೆ. ಸಂಚಿಯನ್ನು ಇನ್ನೊಂದು ಹೆಗಲಿಗೆ ದಾಟಿಸಿಕೊಂಡೆ. ಬಫೆಯಲ್ಲಿ ಎರಡು ತುತ್ತು ತಿಂದ ಶಾಸ್ತ್ರ ಮಾಡಿ ಎಂಟು ಗಂಟೆಯೊಳಗೆ ಕೋಣೆ ಸೇರಿದೆ. ಆ ಯಂತ್ರ ನನ್ನನ್ನು ತಂಪು ಮಾಡುವ ಹಟದಲ್ಲಿ ಬೆಳಗಿನವರೆಗೂ ಗೊರಕೆ ಹೊಡೆಯಿತು.

ನಾಗರಿಕತೆ ಎಂದರೆ ಪ್ರತಿಯೊಬ್ಬನಿಗೂ ಒಂದೊಂದು ಕೋಣೆ ಕೊಟ್ಟು ಬಾಗಿಲು ಹಾಕುವುದು ಎಂದು ಯಾರು ತೀರ್ಮಾನಿಸಿದರೋ! ಚಾಪೆಯಲ್ಲಿ ಹನ್ನೊಂದು ಜನ ಮಲಗಿ, ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ ತಾಗಿ, ಯಾರ ಮಗ ಎಲ್ಲಿ ಓದುತ್ತಾನೆ, ಯಾರ ಅಡಿಕೆಗೆ ಯಾವ ರೋಗ ಎಂಬುದೆಲ್ಲ ನಿದ್ದೆಯ ನಡುವೆಯೇ ತಿಳಿಯುತ್ತಿದ್ದ ಆ ಅನನುಕೂಲವನ್ನು ನಾವು ಈಗ ಜಯಿಸಿದ್ದೇವೆ. ಸೌಕರ್ಯ ಎಂಬುದು ದೂರ ಇಡುವುದರ ಒಂದು ಸಭ್ಯ ವಿಧಾನ ಎಂದು ಆರು ದಿಂಬುಗಳ ನಡುವೆ ಮಲಗಿ ನಾನು ಕಂಡುಕೊಂಡೆ. ನನ್ನ ಮಗನ ಮದುವೆಯಲ್ಲಿ ನಾನು ಯಾರಿಗೂ ಒಂದು ಕೊರತೆ ಮಾಡಿರಲಿಲ್ಲ ಎಂಬುದನ್ನೂ ನೆನೆದು ಹೆಮ್ಮೆಪಟ್ಟೆ. ಮನಸ್ಸಿನಲ್ಲಿ ಮಾಸ್ತರರನ್ನು ಬೈಯುವುದಕ್ಕೆ ಒಳ್ಳೆಯ ವಾಕ್ಯಗಳನ್ನೇ ಜೋಡಿಸಿ ಇಟ್ಟಿದ್ದೆ.

ಬೆಳಿಗ್ಗೆ ಐದೂವರೆಗೆ ಬಾಗಿಲು ಬಡಿದ ಸದ್ದು. ತೆರೆದರೆ ಸಾಕ್ಷಾತ್ ಮೋನಪ್ಪ ಮಾಸ್ತರರು, ಮದುಮಗಳ ತಂದೆ, ಒಂದು ಕೈಯಲ್ಲಿ ಬಾಳೆಕಾಯಿಯ ಚಿಪ್ಪು, ಇನ್ನೊಂದರಲ್ಲಿ ಮುಚ್ಚಳವಿರುವ ಪಾತ್ರೆ.

"ಹುಡುಗಿಗೆ ಮನೆಯಿಂದ ಹೊರಡುವ ಮೊದಲು ನಾನು ಮಾಡಿದ ಬಾಳೆಕಾಯಿ ಪಲ್ಯ ಬೇಕಂತೆ," ಎಂದರು. "ಅಡಿಗೆಮನೆಯಲ್ಲಿ ಮೇಕಪ್ಪಿನವರು ಕೂತಿದ್ದಾರೆ. ಎಂಟು ಗಂಟೆಯ ಮೇಲೆ ಒಲೆ ಬಿಟ್ಟುಕೊಡ್ತಾರಂತೆ. ಅಷ್ಟರ ಒಳಗೆ ಹೆಚ್ಚಿ ಇಟ್ಟುಕೊಳ್ಳುವ. ನೀವು ಕತ್ತಿ ತಂದಿದ್ದೀರಲ್ಲ?"

"ಯಾರು ಹೇಳಿದ್ದು?"

"ಯಾರು ಹೇಳಬೇಕು? ನೀವು ತಾರದೆ ಇರ್ತೀರಾ?"

ಜೋಡಿಸಿಟ್ಟ ವಾಕ್ಯಗಳೆಲ್ಲ ಎಲ್ಲಿ ಹೋದವೋ. ಕೆಳಗೆ ಕೂರಲು ಏನು ಹಾಸುವುದೆಂದು ನೋಡಿದೆವು. ಆಗ ಆ ಕೆಂಪು ಜರಿಪಟ್ಟಿ ಯಾತಕ್ಕೆಂಬ ಚಿಂತೆ ಬಗೆಹರಿಯಿತು. ಎರಡು ಮಡಿಕೆ ಮಾಡಿದರೆ ಇಬ್ಬರು ನಿವೃತ್ತ ಮಾಸ್ತರರಿಗೆ ಸರಿಯಾಗಿ ಸಾಕಾಗುತ್ತದೆ. ಬಾಗಿಲಡಿ ತೂರಿಸಿದ್ದ ಇಂಗ್ಲಿಷ್ ಪೇಪರಿನ ಮೇಲೆ ಸಿಪ್ಪೆ ಬಿತ್ತು. ಹೋಟೆಲಿನವರು ಉಚಿತವೆಂದು ಇಟ್ಟಿದ್ದ ಎರಡು ಬಾಟಲಿ ನೀರು ಪಾತ್ರೆಗೆ ಸುರಿದು, ಹೋಳು ಕಪ್ಪಾಗದಂತೆ ಅದರಲ್ಲಿ ಮುಳುಗಿಸುತ್ತ ಹೋದೆವು. ಕೈಗೆ ಎಣ್ಣೆ ಹಚ್ಚಲು ಮರೆತಿದ್ದರಿಂದ ಬೆರಳೆಲ್ಲ ಸೊನೆ.

ಮಾಸ್ತರರೂ ತಮ್ಮ ಕತ್ತಿ ತಂದಿದ್ದರು. ಅದರ ಅಲಗಿನ ತುಂಬ ತುಕ್ಕು. ಆಡಿಕೊಳ್ಳಲು ಸಿಕ್ಕಿತು ಎಂದು ನಾನು ಕೇಳಿದೆ: "ಇದನ್ನು ಯಾವ ಕಾಲದಲ್ಲಿ ಮಸೆದದ್ದು ಮಾರಾಯ್ರೆ?"

"ನಿಮ್ಮ ಮಗನ ಮದುವೆಗೆ," ಎಂದರು, ಬಾಳೆಕಾಯಿಯ ತೊಟ್ಟು ಮುರಿಯುತ್ತ. "ಮಸೆದು ತಂದಿದ್ದೆ. ನೀವು ಸುಳ್ಯದಲ್ಲಿ ರೂಮು ಮಾಡಿ ಕೊಟ್ಟಿರಿ. ಸಂಚಿಯಿಂದ ತೆಗೀಲಿಕ್ಕೆ ಆಗ್ಲಿಲ್ಲ. ಆ ಸಂಚಿಯಲ್ಲೇ ಇತ್ತು, ಮಳೆಗಾಲ ಎರಡು ಹೋಯಿತಲ್ಲ. ಈ ಸಲ ನಾವು ಹಾಗೆ ಮಾಡದಿದ್ದರೆ ನಿಮಗೆ ಕಡಿಮೆ ಆಯಿತು ಅಂತ ಕಾಣಬಹುದು ಎಂದು ಹೆಂಡತಿ ಹೇಳಿದಳು. ಅದಕ್ಕೇ ಇದು."

ಅದರಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ಕೊಂದದ್ದು. ಸುಳ್ಯದ ಆ ಲಾಡ್ಜಿನ ಬಾಗಿಲಲ್ಲಿ ನಿಂತು ನಾನೇ ಕೇಳಿದ್ದೆ, ಎ.ಸಿ. ತಂಪಾಗ್ತದಾ ಎಂದು, ನನ್ನ ದೊಡ್ಡಸ್ತಿಕೆಗೆ ಅವರ ಹೆಗಲಲ್ಲಿದ್ದ ಸಂಚಿ ಕಣ್ಣಿಗೆ ಬಿದ್ದಿರಲಿಲ್ಲ. ಹದಿನೈದು ಗಂಟೆಗಳಿಂದ ದಿಂಬನ್ನು, ಪರದೆಯನ್ನು, ಕಿತ್ತಳೆ ನೀರನ್ನು, ಇಡೀ ನಾಗರಿಕತೆಯನ್ನು ಜರೆಯುತ್ತಿದ್ದ ಈ ಮಹಾಶಯನೇ ನಮ್ಮಿಬ್ಬರ ನಡುವಿನ ಮೊದಲ ಕೋಣೆಯನ್ನು ಬುಕ್ ಮಾಡಿದವನು. ನಾನು ಒಂದು ರಾತ್ರಿಯನ್ನು ಸಹಿಸಲಾರದೆ ಹೋದೆ. ಅವರು ಎರಡು ವರ್ಷ ಒಂದು ಮಾತೂ ಆಡಿರಲಿಲ್ಲ. ನನ್ನ ಕತ್ತಿಯನ್ನು ಅವರತ್ತ ಚಾಚಿದೆ: "ನನ್ನದ್ರಲ್ಲಿ ಹೆಚ್ಚಿ. ಅದನ್ನು ಇಲ್ಲಿ ಕೊಡಿ."

ಕತ್ತಿ ಅದಲುಬದಲಾಯಿತು. ಅವರ ತುಕ್ಕುಗತ್ತಿಯಲ್ಲಿ ನಾನು ಸಿಪ್ಪೆ ಹೆರೆದೆ, ನನ್ನದರಲ್ಲಿ ಅವರು ಹೋಳು ಮಾಡಿದರು. ಕೆಲಸ ಮುಗಿದಾಗ ಕೈ ಒರಸಲು ನನ್ನ ಬೈರಾಸು ಮುಂದೆ ಹಿಡಿದೆ. ಮಾಸ್ತರರು ಅದನ್ನು ತಳ್ಳಿ, ಸ್ನಾನದ ಕೋಣೆಯ ಹಾಲುಬಣ್ಣದ ಟವೆಲಿಗೇ ಹತ್ತು ಬೆರಳನ್ನೂ ಒತ್ತಿ ಒರಸಿ, ದಂಡ ಕೇಳಿದರೆ ಕೆಳಗೆ ನನ್ನ ಹೆಸರು ಹೇಳಿ ಎಂದರು. ನಾನೂ ಒರಸಿದೆ. ಬಾಳೆಯ ಸೊನೆ ಯಾವ ಸಾಬೂನಿಗೂ ಜಗ್ಗುವುದಿಲ್ಲ.

ಪಲ್ಯ ಆಯಿತು, ಹುಡುಗಿ ಮದರಂಗಿ ಕೈಯಲ್ಲೇ ತಿಂದಳು, ಮದುವೆಯೂ ಆಯಿತು. ಕೋಣೆ ಬಿಡುವಾಗ ಕರಿಕೋಟಿನ ಹುಡುಗಿ ಒಂದು ಹಾಳೆ ಕೊಟ್ಟು ನಿಮ್ಮ ವಾಸ ಹೇಗಿತ್ತು ಎಂದು ಬರೆಯಲು ಹೇಳಿದಳು. ಐದು ನಕ್ಷತ್ರಗಳಲ್ಲಿ ಒಂದಕ್ಕೆ ಮಸಿ ತುಂಬಲು ಹೊರಟವನು, ಟವೆಲನ್ನು ನೆನೆದು, ಎರಡಕ್ಕೆ ತುಂಬಿದೆ.

ನನ್ನ ಬಳಿ ಒಂದು ಪೀಶಕತ್ತಿ ಇದೆ ಎಂದೆನಲ್ಲ, ಅದು ಈಗ ಪುತ್ತೂರಿನಲ್ಲಿದೆ. ನನ್ನ ಸಂಚಿಯಲ್ಲಿ ಬಂದದ್ದು ಮಾಸ್ತರರದು. ದಿನವೂ ಬೆಳಿಗ್ಗೆ ಕಾಫಿ ಕುಡಿದಾದ ಮೇಲೆ ಕಲ್ಲಿಗೆ ನೀರು ಚಿಮುಕಿಸಿ ಅದನ್ನು ಉಜ್ಜುತ್ತ ಕೂರುತ್ತಿದ್ದೆ. ನಾನು ಹಿಡಿಸಿದ ತುಕ್ಕು ಅಲ್ಲವೇ, ಬೇಗ ಬಿಡಲಿಲ್ಲ. ನಿನ್ನೆ ಅಲಗಿನಲ್ಲಿ ನನ್ನ ಕಣ್ಣು ನನಗೇ ಕಂಡಿತು. ಕೂಡಲೇ ಫೋನು ಮಾಡಿದೆ.

"ನಿಮ್ಮ ಕತ್ತಿ ಹರಿತ ಆಗಿದೆ. ಬಂದು ತೆಗೊಂಡು ಹೋಗಿ. ಉಳೀಲಿಕ್ಕೆ ಬನ್ನಿ, ಚಾಪೆ ಉಂಟು."