ಒಂದೇ ತೋಳಿನ ಸ್ವೆಟರ್

ನೋಡಿ ಗೆಳತಿಯರೇ, ಇವತ್ತು ಮಗಳನ್ನು ನೋಡಲು ಶಿಗ್ಗಾವಿಯಿಂದ ಗಂಡಿನವರು ಬಂದಿದ್ದರು. ಖಾರಾ, ಚಹಾ ಮುಗಿಯುತ್ತಿದ್ದಂತೆ ನಮ್ಮ ಅತ್ತೆ ನನ್ನ ಉಲ್ಲನ್ ಚೀಲ ತಂದು ಅವರ ಮುಂದೆ ಸುರಿದರು. ಎಷ್ಟೋ ವರ್ಷಗಳ ಮೇಲೆ ಈಚೆಗೆ ಮತ್ತೆ ಹೆಣೆಯಲು ಕೂತಿದ್ದೇನೆ. ಆ ಚೀಲದಲ್ಲಿ ಮುಗಿದದ್ದು ಒಂದೂ ಇಲ್ಲ. ತೋರಣ ಅರ್ಧ, ಟೊಪ್ಪಿಗೆ ಅರ್ಧ, ಗಂಡನಿಗೆಂದು ಶುರು ಮಾಡಿದ ಸ್ವೆಟರ್‌ಗೆ ಒಂದೇ ತೋಳು.

"ಎಲ್ಲಾ ನಮ್ಮ ಹುಡುಗೀನ ಮಾಡ್ಯಾಳ್ರಿ" ಅಂದರು ಅತ್ತೆ. ಹೆಣ್ಣು ನೋಡಲು ಬಂದವರಿಗೆ ಹುಡುಗಿಯ ಕೈಕೆಲಸ ತೋರಿಸಲೇಬೇಕು ಎನ್ನುವುದು ಅವರ ಕಾಲದ ಪದ್ಧತಿ. ಮಗಳಿಗೆ ಗುಂಡಿ ಹಚ್ಚಲೂ ಬಾರದು. ಅವಳು ನನ್ನನ್ನು ನೋಡಿದಳು, ನಾನು ನೆಲ ನೋಡಿದೆ.

ಹುಡುಗನ ತಾಯಿ ಸ್ವೆಟರ್ ತಿರುವಿ ತಿರುವಿ ನೋಡಿದರು. "ಇದರ ಇನ್ನೊಂದ ತೋಳು ಎಲ್ಲೈತಿ ಯವ್ವಾ?"

ಮಗಳು ಬಾಯಿ ತೆರೆಯುವ ಮೊದಲೇ ಅತ್ತೆ, "ಮದುವಿ ಒಳಗ ಮುಗಿಸಿ ನಿಮ್ಮ ಹುಡುಗಗ ಹಾಕ್ತಾಳ್ರಿ" ಅಂದುಬಿಟ್ಟರು.

ಅವರಿಗೆ ಹುಡುಗಿ ಒಪ್ಪಿಗೆಯಂತೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾಳೆ ಮಗಳು. ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು. ಆದರೂ ಅವಳು ಒಲ್ಲೆ ಅಂದರೆ ಸಾಕಪ್ಪಾ ಎಂದು, ಆ ಒಂದೇ ತೋಳಿನ ಸ್ವೆಟರ್ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದೇನೆ.