ಒಪ್ಪುವುದಿಲ್ಲ ಎನ್ನುವುದಕ್ಕೊಂದು ಪ್ಯಾಂಟು

ಮೂವತ್ತು ವರ್ಷ ಅಕ್ಕಿಆಲೂರಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ನಾನು ‘ಡಿಸ್‌ಅಗ್ರೀ’ ಎಂಬ ಕ್ರಿಯಾಪದವನ್ನು ಬೋರ್ಡಿನ ಆಚೆ ಒಮ್ಮೆಯೂ ಬಳಸಿಲ್ಲ. ಇಬ್ಬರ ಅಭಿಪ್ರಾಯ ಬೇರೆಯಾದರೆ ಆ ಪದ. ಎರಡು ಗಡಿಯಾರ ಬೇರೆ ಬೇರೆ ಹೊತ್ತು ತೋರಿಸಿದರೂ ಅದೇ ಪದ. ತಿಂದ ಮಿರ್ಚಿ ಹೊಟ್ಟೆಗೆ ಒಗ್ಗದಿದ್ದರೂ ಅದೇ. ಅಂದರೆ ಇಂಗ್ಲಿಷಿನಲ್ಲಿ ಮಿರ್ಚಿಗೂ ಸ್ವಂತ ಅಭಿಪ್ರಾಯ ಉಂಟು. ನನಗೆ ಮನೆಯಲ್ಲಿ ಅಷ್ಟೂ ಇಲ್ಲ.

ನಮ್ಮ ಕಡೆ ಎದುರಿಗಿದ್ದವರಿಗೆ ‘ನಿಮ್ಮ ಮಾತು ಒಪ್ಪುವುದಿಲ್ಲ’ ಎನ್ನುವ ಪದ್ಧತಿಯೇ ಇಲ್ಲ. ‘ಹೌದ್ರಿ’ ಎನ್ನುತ್ತೇವೆ. ಒಂದು ಸಲ ಹೌದ್ರಿ ಅಂದರೆ ಒಪ್ಪಿಗೆ. ಎರಡು ಸಲ ಅಂದರೆ ಇನ್ನೂ ವಿಚಾರ ಮಾಡುತ್ತಿದ್ದಾರೆ. ಮೂರು ಸಲ ಅಂದರೆ ಆ ಕೆಲಸ ಆಗುವುದಿಲ್ಲ, ನಾವು ಚಹಾ ಕುಡಿದು ಮನೆಗೆ ಹೋಗಬೇಕು. ಇಷ್ಟು ಗೊತ್ತಿದ್ದೂ ಮಗಳ ಮದುವೆಯ ಹೊತ್ತಿಗೆ ನಾನು ಮೋಸಹೋದೆ.

ಮಾಸೂರಿನ ಬೀಗರು ನನ್ನ ವಯಸ್ಸಿನವರೇ, ಆದರೆ ಕಾಲಿಗೆ ಅಂಟಿಕೊಳ್ಳುವಂಥ ಪ್ಯಾಂಟು ಹಾಕುವವರು. ಅವರ ಪಕ್ಕದಲ್ಲಿ ನಾನು ಮುದುಕನಂತೆ ಕಾಣಬಾರದೆಂದು ಭಾರೀ ಆಸೆಯಿತ್ತು. ಇಪ್ಪತ್ತು ವರ್ಷದಿಂದ ನನ್ನ ಬಟ್ಟೆ ಹೊಲಿಯುವ ಸವಣೂರಿನ ಮಾಬುಸಾಬರ ಹತ್ತಿರ ಹೋಗಿ, ‘ಈ ಸಲ ಪ್ಯಾಂಟು ಬಿಗಿ ಇರ್ಲಿ’ ಎಂದೆ.

‘ಹೌದ್ರಿ ಸರ್ರ, ಹೌದ್ರಿ. ಬಿಗೀನ ಛಲೋರಿ. ಹೌದ್ರಿ’ ಎನ್ನುತ್ತ ಅವರು ಅಳತೆ ಬರೆದುಕೊಂಡರು. ಎಣಿಸುವುದನ್ನು ನಾನು ಮರೆತೆ.

ಮದುವೆಗೆ ಎರಡು ದಿನ ಇರುವಾಗ ಪ್ಯಾಂಟು ಕೈಗೆ ಬಂತು. ನಾನೂ ನನ್ನ ತಮ್ಮನೂ ಕೂಡಿಯೇ ಹೊಗಬಹುದಾದಷ್ಟು ಸಡಿಲ. ಮೈಯೆಲ್ಲ ಉರಿಯಿತು. ಸವಣೂರಿನ ಬಸ್ಸು ಹತ್ತಿ, ಬೈಯಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಉರು ಹೊಡೆದೆ. ಅಂಗಡಿಯಲ್ಲಿ ಮಾಬುಸಾಬರು ಸ್ಟೂಲು ಒರೆಸಿ, ‘ಕುಂದರ್ರಿ ಸರ್ರ. ಪ್ಯಾಂಟು ಹೆಂಗಾಗೇತ್ರಿ?’ ಎಂದರು.

‘ಛಲೋ ಆಗೇತ್ರಿ’ ಎಂದೆ.

ಅಷ್ಟು ಹೇಳಲು ಬಸ್ ಚಾರ್ಜು ಕೊಟ್ಟು ಹೋಗಿದ್ದೆ. ಮನೆಗೆ ಬಂದಾಗ ಹೆಂಡತಿ, ‘ಹೇಳಿದ್ರೇನು?’ ಎಂದಳು. ‘ಕಡಕ್ ಹೇಳೇನಿ’ ಎಂದೆ.

ಮಾಸೂರಿನಲ್ಲಿ ಮದುವೆಯಾಯಿತು. ಫೋಟೋದಲ್ಲಿ ಬೀಗರು ಹುಡುಗನಂತೆ ನಿಂತರು, ನಾನು ಅವರ ಸೋದರಮಾವನಂತೆ ನಿಂತೆ. ಆಮೇಲೆ ಊಟ. ನೆಲದ ಮೇಲೆ ಪಂಕ್ತಿ. ಬೀಗರು ನನ್ನ ಪಕ್ಕ ಕೂರಲೆಂದು ಮೊಣಕಾಲು ಮಡಚಿದರು, ಪ್ಯಾಂಟು ಪರ್ ಎಂದು ಹರಿಯಿತು. ಊಟ ಮುಗಿದರೂ ಪಾಪ ಅವರು ಏಳಲಿಲ್ಲ. ಇನ್ನೂ ಹಸಿವಿದೆಯೆಂದು ತಿಳಿದು ಬಡಿಸುವವರು ನಾಲ್ಕು ಸಲ ಗೋಧಿ ಹುಗ್ಗಿ ಸುರಿದರು. ನಾನು ಚಕ್ಕಳಮಕ್ಕಳ ಹಾಕಿ ಆರಾಮಾಗಿ ಉಂಡೆ, ಹೊಟ್ಟೆ ಬೆಳೆಯಲಿಕ್ಕೂ ಪ್ಯಾಂಟಿನಲ್ಲಿ ಜಾಗವಿತ್ತು.

ಕೈ ತೊಳೆಯುವಲ್ಲಿ, ಮದುವೆಗೆ ಬಂದಿದ್ದ ಮಾಬುಸಾಬರು ಸಿಕ್ಕರು. ಅವರ ಮುಖ ನೋಡಲು ನಾಚಿಕೆಯಾಯಿತು.

‘ಮಾಬುಸಾಬ್ರ, ಬಿಗಿ ಹೊಲೀರಿ ಅಂದದ್ದು ನಂದ ತಪ್ಪು’ ಎಂದೆ.

‘ಇಲ್ರಿ ಸರ್ರ. ನಿಮ್ದೇನೂ ತಪ್ಪಿಲ್ರಿ’ ಎಂದರು.

ಇಪ್ಪತ್ತು ವರ್ಷಗಳಲ್ಲಿ ಅವರು ನನ್ನ ಮಾತನ್ನು ಎದುರಿಗೇ ಅಲ್ಲಗಳೆದದ್ದು ಅದೊಂದೇ ಸಲ.