ಗುಡ್ಡದ ಮೇಲೆ ಕೂಗಬೇಕಾದ ಮಾತು

ಹುಮನಾಬಾದಿನ ನಮ್ಮ ಔಷಧ ಕಾರ್ಖಾನೆಯವರು ಒಂದು ಭಾನುವಾರ ನಮ್ಮನ್ನೆಲ್ಲ ಬಸವಕಲ್ಯಾಣದ ಕಡೆಯ ಗುಡ್ಡ ಹತ್ತಿಸಿದರು. ನೆತ್ತಿಯ ಬಂಡೆ ಹೊಲದ ಬದುವಿನಷ್ಟೇ ಅಗಲ, ಎರಡೂ ಕಡೆ ಇಳಿಜಾರು. ನನ್ನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಆಚೆ ಕೂತ ಗೈಡ್ ಕೈಯಲ್ಲಿತ್ತು. ದಾಟುವವರೇ "ಹಗ್ಗ ಬಿಗಿ" ಎಂದು ಕೂಗಬೇಕು, ಆಮೇಲೇ ಅವನು ಎಳೆಯುವುದು.

ನಟ್ಟನಡುವೆ ನನ್ನ ಕಾಲು ಜಾರತೊಡಗಿತು. ಕೂಗಿದೆ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ.

"ಏನಂದ್ರಿ ಮೇಡಂ? ಜರಾ ಜೋರ್ ಅನ್ರಿ!"

"ಪರವಾಗಿಲ್ಲ" ಅಂದೆ.

ನನ್ನ ಹಿಂದಿದ್ದ ಪ್ಯಾಕಿಂಗ್ ವಿಭಾಗದ ಶಾಂತಕ್ಕ ಕಿರುಚಿದಳು: "ಏ ಅಣ್ಣಾ, ಹಗ್ಗ ಎಳಿಯೋ! ಹುಡುಗಿ ನಾಚ್ಕೊಂಡೇ ಸಾಯಾಕತ್ತಾಳ!"

"ಅವ್ರೇ ಅನ್ನಬೇಕ್ರಿ, ರೂಲ್ ಅದ" ಎನ್ನುತ್ತಲೇ ಗೈಡ್ ಎಳೆದ.

ಆಚೆ ತಲುಪಿದ ಮೇಲೆ ಅವನು ನನ್ನ ಹೆಸರು ಕೇಳಿದ. ಅದನ್ನೂ ಶಾಂತಕ್ಕನೇ ಹೇಳಿದಳು.